ಮಂಗಳೂರು–ಮೈಸೂರು ವಿಮಾನ: ಆಕಾಶದಲ್ಲಿ ಒಂದು ಗಂಟೆ, ಕಲ್ಲುಗುಂಡಿಯಿಂದ ಎಷ್ಟು ಗಂಟೆ?

ಮಂಗಳೂರಿನಿಂದ ಮೈಸೂರಿಗೆ ಎಷ್ಟು ದೂರ? ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು? ಮೈಸೂರಿನಲ್ಲಿ ಮಕ್ಕಳನ್ನು ಓದಿಸುವ ತಂದೆತಾಯಂದಿರು, ಅಲ್ಲಿನ ಕಾನ್ವೆಂಟುಗಳಲ್ಲಿ ಸೇವೆ ಸಲ್ಲಿಸುವ ಧರ್ಮಭಗಿನಿಯರ ಮನೆಯವರು, ವ್ಯಾಪಾರಕ್ಕಾಗಿ ಓಡಾಡುವವರು ಆಗಾಗ ಕೇಳುವ ಪ್ರಶ್ನೆ ಇದು. ನಕಾಶೆಯಲ್ಲಿ ಬಜ್ಪೆಯ ವಿಮಾನ ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿಯ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 208 ಕಿಲೋಮೀಟರ್ ಬರುತ್ತದೆ. ಆ ಗೆರೆ ಸುಬ್ರಹ್ಮಣ್ಯ, ಪುಷ್ಪಗಿರಿಯ ಆಸುಪಾಸಿನಲ್ಲಿ ಘಟ್ಟವನ್ನು ದಾಟುತ್ತದೆ. ರಸ್ತೆಯಲ್ಲಿ ಹೋದರೆ ಸುಮಾರು 250 ಕಿಲೋಮೀಟರ್. ಈ ಎರಡು ಊರುಗಳ ನಡುವೆ ವಿಮಾನ ಹಾರಿದಾಗ ವೇಳಾಪಟ್ಟಿಯಲ್ಲಿ ಕೊಟ್ಟಿದ್ದ ಅವಧಿ ಒಂದು ಗಂಟೆ.

ಪ್ರಶ್ನೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಇದೇ ಪ್ರಶ್ನೆಯನ್ನು ಸುಳ್ಯ ತಾಲೂಕಿನ ಕಲ್ಲುಗುಂಡಿ ಪೇಟೆಯಲ್ಲಿ ನಿಂತು ಕೇಳಿದರೆ ಉತ್ತರ ಬೇರೆಯೇ ಆಗುತ್ತದೆ. ಆ ಉತ್ತರವನ್ನು ಲೆಕ್ಕ ಹಾಕಿ ನೋಡುವುದು ಈ ಲೇಖನದ ಉದ್ದೇಶ.

ಎರಡು ನಿಲ್ದಾಣಗಳ ನಡುವಿನ ಊರು

ಕಲ್ಲುಗುಂಡಿ ಪಯಸ್ವಿನಿ ಹೊಳೆಯ ಬದಿಯ ಸಣ್ಣ ಪೇಟೆ. ಮಾಣಿ, ಪುತ್ತೂರು, ಸುಳ್ಯ, ಅರಂತೋಡು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 275 ಈ ಪೇಟೆಯ ಮೂಲಕವೇ ಮಡಿಕೇರಿಯತ್ತ ಹತ್ತುತ್ತದೆ. ಸ್ವಲ್ಪ ಮುಂದೆ ಹೋದರೆ ದಕ್ಷಿಣ ಕನ್ನಡ ಮುಗಿದು ಕೊಡಗು ಜಿಲ್ಲೆ ಆರಂಭವಾಗುತ್ತದೆ. ಗಡಿಯ ಈಚೆಗೂ ಸಂಪಾಜೆ, ಆಚೆಗೂ ಸಂಪಾಜೆ. ಈಚೆಗೆ ಮಂಗಳೂರು ಧರ್ಮಪ್ರಾಂತ್ಯ, ಆಚೆಗೆ ಮೈಸೂರು ಧರ್ಮಪ್ರಾಂತ್ಯ.

ಇಲ್ಲಿಂದ ಪುತ್ತೂರು, ಬಿ.ಸಿ.ರೋಡ್, ಪೊಳಲಿ, ಕೈಕಂಬ ಮಾರ್ಗವಾಗಿ ಬಜ್ಪೆಗೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಮಡಿಕೇರಿ, ಕುಶಾಲನಗರ, ಹುಣಸೂರು ಮಾರ್ಗವಾಗಿ ಮೈಸೂರಿಗೆ ಸುಮಾರು ನೂರೈವತ್ತು ಕಿಲೋಮೀಟರ್. ಅಂದರೆ ಎರಡು ವಿಮಾನ ನಿಲ್ದಾಣಗಳ ನಡುವಿನ ದಾರಿಯಲ್ಲಿಯೇ ಇರುವ ಊರು ಇದು. ಎರಡು ನಿಲ್ದಾಣಗಳ ನಡುವೆ ಇರುವವರಿಗೆ ಎರಡರ ಅನುಕೂಲವೂ ಸಿಗಬೇಕು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ವಾಸ್ತವ ಹಾಗಿಲ್ಲ.

208 ಕಿಲೋಮೀಟರಿಗೆ ಒಂದು ಗಂಟೆ ಏಕೆ?

ಈ ಮಾರ್ಗದಲ್ಲಿ ಹಾರಿದ್ದು ಅಲಯನ್ಸ್ ಏರ್ ಸಂಸ್ಥೆಯ ಎಟಿಆರ್ ವಿಮಾನ. ಎರಡು ಪಂಖಗಳಿರುವ, ಎಪ್ಪತ್ತರಷ್ಟು ಜನ ಕುಳಿತುಕೊಳ್ಳಬಹುದಾದ ಈ ವಿಮಾನ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತದೆ. ಆ ಲೆಕ್ಕದಲ್ಲಿ 208 ಕಿಲೋಮೀಟರಿಗೆ 25 ನಿಮಿಷ ಸಾಕು. ಹಾಗಾದರೆ ಒಂದು ಗಂಟೆ ಏಕೆ?

ಕಾರಣ ಸರಳ. ವೇಳಾಪಟ್ಟಿಯಲ್ಲಿ ಬರೆಯುವುದು ಆಕಾಶದಲ್ಲಿರುವ ಸಮಯವನ್ನಷ್ಟೇ ಅಲ್ಲ. ವಿಮಾನ ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಂತುಕೊಳ್ಳುವವರೆಗಿನ ಸಮಯ ಅದು. ರನ್‌ವೇಗೆ ಉರುಳಿಕೊಂಡು ಹೋಗಬೇಕು, ಸರದಿ ಕಾಯಬೇಕು, ನಿಧಾನವಾಗಿ ಮೇಲೇರಬೇಕು. ಇಷ್ಟು ಹತ್ತಿರದ ಪ್ರಯಾಣದಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭವಾಗುತ್ತದೆ. ವಿಮಾನ ತನ್ನ ಪೂರ್ಣ ವೇಗದಲ್ಲಿರುವುದು ಕೆಲವೇ ನಿಮಿಷ. ಜೊತೆಗೆ ಗಾಳಿ, ಮೋಡ, ತಡಗಳಿಗಾಗಿ ಸ್ವಲ್ಪ ಹೆಚ್ಚುವರಿ ಸಮಯವನ್ನೂ ಸಂಸ್ಥೆಗಳು ಸೇರಿಸಿಕೊಳ್ಳುತ್ತವೆ.

ಇದಕ್ಕೆ ಒಂದು ಹೋಲಿಕೆ ಕೊಡಬಹುದು. ಮಂಗಳೂರಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಅಂತರ ಸುಮಾರು 305 ಕಿಲೋಮೀಟರ್. ಮೈಸೂರಿಗಿಂತ ನೂರು ಕಿಲೋಮೀಟರ್ ಹೆಚ್ಚು. ಆದರೂ ಅಲ್ಲಿಗೆ ವೇಳಾಪಟ್ಟಿಯಲ್ಲಿ ಬರೆಯುವ ಸಮಯ ಕೂಡ ಹೆಚ್ಚುಕಡಿಮೆ ಒಂದು ಗಂಟೆಯೇ. ದೂರ ಕಡಿಮೆಯಾದಂತೆ ವಿಮಾನದ ಸಮಯ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಖರ್ಚೂ ಅಷ್ಟೇ. ಏರುವಾಗ ಸುಡುವ ಇಂಧನ, ಇಳಿದುದಕ್ಕೆ ಕೊಡುವ ಶುಲ್ಕ, ಸಿಬ್ಬಂದಿಯ ಸಂಬಳ ಇವೆಲ್ಲ ಹತ್ತಿರದ ಊರಿಗೂ ಇದ್ದೇ ಇರುತ್ತವೆ. ಆದ್ದರಿಂದ ಹತ್ತಿರದ ಎರಡು ಊರುಗಳ ನಡುವೆ ವಿಮಾನ ಓಡಿಸುವುದು ಸಂಸ್ಥೆಗಳಿಗೆ ಲಾಭದ ಕೆಲಸವಾಗುವುದು ಕಷ್ಟ.

ಬಂದ ವಿಮಾನ, ನಿಂತ ವಿಮಾನ

ನಮ್ಮ ಕರಾವಳಿಗೆ ವಿಮಾನ ಹೊಸದಲ್ಲ. 1951ರ ಡಿಸೆಂಬರ್ 25ರಂದು, ಕ್ರಿಸ್ತ ಜಯಂತಿಯ ದಿನವೇ, ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಬಜ್ಪೆ ನಿಲ್ದಾಣವನ್ನು ಉದ್ಘಾಟಿಸಿದರು. 2006ರಲ್ಲಿ ಎರಡನೇ ರನ್‌ವೇ ಬಂತು. ಅದೇ ವರ್ಷ ದುಬೈಗೆ ನೇರ ವಿಮಾನ ಆರಂಭವಾಯಿತು. ಅದಕ್ಕೂ ಮೊದಲು ಗಲ್ಫಿಗೆ ಹೋಗುವ ನಮ್ಮ ಯುವಕರು ಬಸ್ಸಿನಲ್ಲೋ ರೈಲಿನಲ್ಲೋ ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದುದನ್ನು ಹಿರಿಯರು ಮರೆತಿಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕಣಿವೆಗೆ ಉರುಳಿ 158 ಜನ ಪ್ರಾಣ ಕಳೆದುಕೊಂಡದ್ದನ್ನಂತೂ ಯಾರೂ ಮರೆಯಲಾರರು. ಬದುಕಿ ಉಳಿದವರು ಎಂಟೇ ಮಂದಿ.

ಮೈಸೂರಿನ ಕಥೆ ಇನ್ನೂ ಇತ್ತೀಚಿನದು. ಮಂಡಕಳ್ಳಿಯ ನಿಲ್ದಾಣ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಸಂಸ್ಥೆ ಬೆಂಗಳೂರಿಗೆ ವಿಮಾನ ಆರಂಭಿಸಿತು, ಮರುವರ್ಷವೇ ನಿಲ್ಲಿಸಿತು. ಆಮೇಲೆ ಬಂದ ಸೇವೆಗಳಲ್ಲೂ ಹಲವು ಇದೇ ಹಾದಿ ಹಿಡಿದವು. 2020ರ ಡಿಸೆಂಬರಿನಲ್ಲಿ ಅಲಯನ್ಸ್ ಏರ್ ಮೈಸೂರು–ಮಂಗಳೂರು ನಡುವೆ ವಾರಕ್ಕೆ ನಾಲ್ಕು ದಿನ ಹಾರಾಟ ಆರಂಭಿಸಿದಾಗ ಎರಡೂ ಊರುಗಳಲ್ಲಿ ಸಂತೋಷ ಉಂಟಾಯಿತು. ಪತ್ರಿಕೆಗಳು ದೊಡ್ಡ ಸುದ್ದಿ ಮಾಡಿದವು. ಕೊರೊನಾ ಕಾಲದಲ್ಲಿ ಆರಂಭವಾದ ಆ ಸೇವೆ ಬಹುಕಾಲ ಬಾಳಲಿಲ್ಲ.

ಇದು ಮೈಸೂರಿಗೆ ಮಾತ್ರ ಸೀಮಿತವಾದ ಅನುಭವವಲ್ಲ. ಸಣ್ಣ ಊರುಗಳಿಗೆ ವಿಮಾನ ಒದಗಿಸಲು ಕೇಂದ್ರ ಸರಕಾರ 2016ರಲ್ಲಿ ಉಡಾನ್ ಯೋಜನೆ ರೂಪಿಸಿತು. 2017ರ ಏಪ್ರಿಲಿನಲ್ಲಿ ಅದರ ಮೊದಲ ವಿಮಾನ ಶಿಮ್ಲಾದಿಂದ ದೆಹಲಿಗೆ ಹಾರಿತು. ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿ ಮಿತಿ, ಸಂಸ್ಥೆಗಾಗುವ ನಷ್ಟವನ್ನು ಮೂರು ವರ್ಷ ತುಂಬಿಕೊಡುವ ವ್ಯವಸ್ಥೆ ಅದರಲ್ಲಿತ್ತು. 2023ರಲ್ಲಿ ಭಾರತದ ಮಹಾಲೇಖಪಾಲರು ಈ ಯೋಜನೆಯ ಮೊದಲ ಹಂತಗಳನ್ನು ಪರಿಶೀಲಿಸಿ ವರದಿ ಕೊಟ್ಟರು. ಮಂಜೂರಾದ 774 ಮಾರ್ಗಗಳಲ್ಲಿ ಆರಂಭವಾದದ್ದೇ 371. ಆ ಪೈಕಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ 2023ರ ಮಾರ್ಚ್ ತನಕ ಉಳಿದುಕೊಂಡದ್ದು 54 ಮಾತ್ರ. ಮಂಗಳೂರು–ಮೈಸೂರು ವಿಮಾನಕ್ಕಾಗಿ ಬೇಡಿಕೆ ಮಂಡಿಸುವವರು ಈ ಅಂಕಿಗಳನ್ನು ಮುಂದಿಟ್ಟುಕೊಂಡೇ ಮಾತನಾಡುವುದು ಒಳ್ಳೆಯದು.

ಮನೆಯ ಬಾಗಿಲಿನಿಂದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ವಿಮಾನ ಇಂದು ಮತ್ತೆ ಹಾರಾಡಲು ಆರಂಭಿಸಿತು ಎಂದೇ ಇಟ್ಟುಕೊಳ್ಳೋಣ. ಅದರಿಂದ ಯಾರಿಗೆ ಎಷ್ಟು ಸಮಯ ಉಳಿಯುತ್ತದೆ? ನಾವು ಮನೆಯಿಂದ ಹೊರಟ ಕ್ಷಣದಿಂದ ಮೈಸೂರು ಪೇಟೆ ಮುಟ್ಟುವ ಕ್ಷಣದವರೆಗೆ ಲೆಕ್ಕ ಹಾಕಿ ನೋಡಿದೆವು. ವಿಮಾನ ಹೊರಡುವ ಒಂದೂವರೆ ಗಂಟೆ ಮೊದಲು ನಿಲ್ದಾಣದಲ್ಲಿರಬೇಕು, ಇಳಿದ ಮೇಲೆ ಸಾಮಾನು ತೆಗೆದುಕೊಂಡು ಮಂಡಕಳ್ಳಿಯಿಂದ ಪೇಟೆಗೆ ಹೋಗಲು ಮುಕ್ಕಾಲು ಗಂಟೆ ಬೇಕು ಎಂದು ಹಿಡಿದೆವು. ರಸ್ತೆಯ ಸಮಯ ಸಾಧಾರಣ ದಿನದ್ದು, ಮಳೆಗಾಲದ್ದಲ್ಲ.

ಮಂಗಳೂರಿನ ಬಿಜೈಯಲ್ಲಿ ಮನೆ ಇರುವವರಿಗೆ ನಿಲ್ದಾಣಕ್ಕೆ ಮುಕ್ಕಾಲು ಗಂಟೆ. ಎಲ್ಲ ಸೇರಿ ನಾಲ್ಕು ಗಂಟೆಯಲ್ಲಿ ಮೈಸೂರು. ಬಸ್ಸಿನಲ್ಲಿ ಹೋದರೆ ಏಳು ಗಂಟೆಯ ಹತ್ತಿರ. ಅಂದರೆ ಸುಮಾರು ಮೂರು ಗಂಟೆಯ ಉಳಿತಾಯ. ಇದು ಸಣ್ಣ ಲಾಭವಲ್ಲ.

ಪುತ್ತೂರಿನವರು ಬಜ್ಪೆ ಮುಟ್ಟಲು ಒಂದೂವರೆ ಗಂಟೆ ಬೇಕು. ವಿಮಾನದ ದಾರಿಯಲ್ಲಿ ಅವರಿಗೆ ನಾಲ್ಕೂಮುಕ್ಕಾಲು ಗಂಟೆ. ಬಸ್ಸಿನಲ್ಲಿ ಐದೂವರೆ. ಉಳಿತಾಯ ಮುಕ್ಕಾಲು ಗಂಟೆ. ಸುಳ್ಯದವರಿಗೆ ಲೆಕ್ಕ ತಿರುಗುತ್ತದೆ. ವಿಮಾನಕ್ಕಾಗಿ ಎರಡೂಕಾಲು ಗಂಟೆಯಿಂದ ಎರಡೂವರೆ ಗಂಟೆ ಪಶ್ಚಿಮಕ್ಕೆ ಹೋಗಿ, ಮತ್ತೆ ಪೂರ್ವಕ್ಕೆ ಹಾರುವಷ್ಟರಲ್ಲಿ ಬಸ್ಸಿನಲ್ಲಿ ಹೊರಟವರು ಮೈಸೂರು ಸೇರಿರುತ್ತಾರೆ.

ಇನ್ನು ಕಲ್ಲುಗುಂಡಿ. ಬಜ್ಪೆಗೆ ಮೂರು ಗಂಟೆ, ಅಲ್ಲಿ ಕಾಯುವುದು ಒಂದೂವರೆ ಗಂಟೆ, ವಿಮಾನದಲ್ಲಿ ಒಂದು ಗಂಟೆ, ಆಮೇಲೆ ಮುಕ್ಕಾಲು ಗಂಟೆ. ಒಟ್ಟು ಆರೂಕಾಲು ಗಂಟೆ. ಪೇಟೆಯ ಬಸ್ಸು ನಿಲ್ದಾಣದಲ್ಲಿ ನಿಂತು ಮೈಸೂರು ಬಸ್ಸಿಗೆ ಕೈ ತೋರಿಸಿದರೆ ನಾಲ್ಕು, ನಾಲ್ಕೂವರೆ ಗಂಟೆ. ವಿಮಾನವೇ ಎರಡು ಗಂಟೆ ತಡ.

ಮೈಸೂರಿನ ಕಡೆಯಿಂದ ಇದೇ ಲೆಕ್ಕ ಹಾಕಿದರೂ ಹಾಗೆಯೇ. ಹುಣಸೂರಿನವರಿಗೆ ಮಂಗಳೂರಿಗೆ ಬರಲು ಅಲ್ಪಸ್ವಲ್ಪ ಲಾಭ. ಮಡಿಕೇರಿಯವರಿಗೆ ಏನೂ ಇಲ್ಲ. ಒಟ್ಟಿನಲ್ಲಿ ಸುಳ್ಯದಿಂದ ಪಿರಿಯಾಪಟ್ಟಣದ ಆಸುಪಾಸಿನವರೆಗೆ, ಅಂದರೆ ಈ ದಾರಿಯ ಅರ್ಧದಷ್ಟು ಭಾಗದಲ್ಲಿ ಬದುಕುವವರಿಗೆ ಈ ವಿಮಾನ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ವಾರಕ್ಕೆ ನಾಲ್ಕೇ ದಿನ ಹಾರುವ ವಿಮಾನವಾದರೆ ಉಳಿದ ಮೂರು ದಿನ ಬಿಜೈಯವರಿಗೂ ಅದೇ ಮಾತು. ಸಾವಿನ ಸುದ್ದಿಯೂ ಆಸ್ಪತ್ರೆಯ ಕರೆಯೂ ವಾರ ನೋಡಿ ಬರುವುದಿಲ್ಲ.

ಹಾಗೆಂದು ಮಂಗಳೂರಿನವರ ಮೂರು ಗಂಟೆಗೆ ಬೆಲೆಯಿಲ್ಲ ಎಂದು ನಾವು ಹೇಳುವುದಿಲ್ಲ. ವೃದ್ಧರಿಗೆ, ರೋಗಿಗಳಿಗೆ, ಘಟ್ಟದ ತಿರುವುಗಳಲ್ಲಿ ವಾಂತಿಯಿಂದ ಬಳಲುವವರಿಗೆ ವಿಮಾನ ದೊಡ್ಡ ಉಪಕಾರ. ಲಾಭವಿದ್ದರೆ ಸಂಸ್ಥೆಗಳು ಹಾರಿಸಲಿ. ಆದರೆ ಅದು ಎರಡು ಜಿಲ್ಲೆಗಳ ಸಂಪರ್ಕ ಸಮಸ್ಯೆಗೆ ಪರಿಹಾರ ಎಂದು ಹೇಳಿದಾಗ ನಡುವಿನ ಊರುಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಕಣ್ಣೂರು ಹತ್ತಿರವಲ್ಲವೇ?

ಕೆಲವರು ಇನ್ನೊಂದು ಮಾತು ಹೇಳುತ್ತಾರೆ. 2018ರ ಡಿಸೆಂಬರ್ 9ರಂದು ಕೇರಳದ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆಯಿತು. ನಕಾಶೆಯಲ್ಲಿ ಅಳೆದರೆ ಕಲ್ಲುಗುಂಡಿಯಿಂದ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಸುಮಾರು 65 ಕಿಲೋಮೀಟರ್. ಬಜ್ಪೆಯ ನೇರ ಅಂತರ ಸುಮಾರು 85 ಕಿಲೋಮೀಟರ್. ಹಾಗಾದರೆ ಕಲ್ಲುಗುಂಡಿಯವರಿಗೆ ಅತ್ಯಂತ ಹತ್ತಿರದ ವಿಮಾನ ನಿಲ್ದಾಣ ಕಣ್ಣೂರು.

ಹಕ್ಕಿಗೆ ಇದು ಸರಿ. ಮನುಷ್ಯರಿಗೆ ನಡುವೆ ಗುಡ್ಡ, ಕಾಡು ಇದೆ. ಒಂದೋ ಮಡಿಕೇರಿಗೆ ಹತ್ತಿ ವಿರಾಜಪೇಟೆ, ಮಾಕುಟ್ಟ ಮಾರ್ಗವಾಗಿ ಇಳಿಯಬೇಕು. ಇಲ್ಲವೇ ಪಾಣತ್ತೂರು ಕಡೆಯಿಂದ ಕಾಞಂಗಾಡಿಗೆ ಇಳಿದು ಕರಾವಳಿ ಹಿಡಿದು ಹೋಗಬೇಕು. ಎರಡೂ ಸುತ್ತು ದಾರಿ. ಮಾಕುಟ್ಟದ ರಸ್ತೆ 2018ರ ಜೂನ್ ತಿಂಗಳ ಮಳೆಗೆ ಕುಸಿದು ಸಂಚಾರ ನಿಂತಿತ್ತು. ಕೇರಳದಿಂದ ಬಂದು ಸುಳ್ಯ, ಕಡಬ ಭಾಗದಲ್ಲಿ ರಬ್ಬರ್ ಕೃಷಿ ಮಾಡಿ ನೆಲೆಸಿದ ಕುಟುಂಬಗಳಿಗೆ ಕಣ್ಣೂರು ಕಡೆ ಬಂಧುಬಳಗವಿದೆ. ಅವರಲ್ಲಿ ಕೆಲವರು ವಿದೇಶ ಪ್ರಯಾಣಕ್ಕೆ ಆ ನಿಲ್ದಾಣ ಬಳಸಲೂಬಹುದು. ಆದರೆ ಅವರಿಗೂ ಮೊದಲು ಬೇಕಾದದ್ದು ಘಟ್ಟದ ರಸ್ತೆಯೇ.

ರಸ್ತೆ ನಿಂತ ದಿನಗಳು

ನಮ್ಮ ಮಟ್ಟಿಗೆ ಮಂಗಳೂರು–ಮೈಸೂರು ದಾರಿಗೆ ಹಳೆಯ ನೋವಿನ ನೆನಪಿದೆ. 1784ರ ಫೆಬ್ರವರಿ 24ರ ಬೂದಿ ಬುಧವಾರ ಸೆರೆಯಾದ ಕೆನರಾದ ಕ್ರೈಸ್ತರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಆ ನಡಿಗೆ ಆರು ವಾರ ಹಿಡಿಯಿತೆಂದು ಇತಿಹಾಸಕಾರರು ಬರೆದಿದ್ದಾರೆ. 1837ರ ಏಪ್ರಿಲಿನಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯದ ರೈತರು ಸುಳ್ಯದಿಂದ ಮಂಗಳೂರಿಗೆ ಇಳಿದು ಹದಿಮೂರು ದಿನ ಊರನ್ನು ಹಿಡಿದಿಟ್ಟುಕೊಂಡಿದ್ದರು. ಘಟ್ಟ ಹತ್ತಿ ಇಳಿಯುವುದು ಈ ಸೀಮೆಯ ಜನರ ಪಾಲಿಗೆ ಎಂದೂ ಬರಿಯ ಪ್ರಯಾಣವಾಗಿರಲಿಲ್ಲ.

ಹತ್ತಿರದ ನೆನಪುಗಳಿಗೆ ಬಂದರೆ, 2018ರ ಆಗಸ್ಟ್ ಮಧ್ಯಭಾಗದಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮದೆನಾಡು ಪ್ರದೇಶದಲ್ಲಿ ಗುಡ್ಡಗಳು ಜಾರಿ ಮನೆ, ತೋಟ, ಜೀವಗಳನ್ನು ಒಯ್ದವು. ಸಂಪಾಜೆ–ಮಡಿಕೇರಿ ರಸ್ತೆ ಅಲ್ಲಲ್ಲಿ ಕಡಿದುಹೋಗಿ ವಾರಗಟ್ಟಲೆ ಮುಚ್ಚಿತು. ಅದೇ ಸಮಯದಲ್ಲಿ ಶಿರಾಡಿ ಘಾಟಿಯೂ ಮುಚ್ಚಿತ್ತು, ರೈಲೂ ನಿಂತಿತ್ತು. ಜೋಡುಪಾಲದಿಂದ ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರಿಗೆ ಕಲ್ಲುಗುಂಡಿ, ಸಂಪಾಜೆ, ಅರಂತೋಡಿನಲ್ಲಿ ಪರಿಹಾರ ಕೇಂದ್ರಗಳು ತೆರೆದವು. ಅನ್ನ ಬೇಯಿಸಿದವರು, ಚಾಪೆ ಹೊದಿಕೆ ತಂದುಕೊಟ್ಟವರು ಎಲ್ಲ ಜಾತಿ ಮತಗಳ ನೆರೆಹೊರೆಯವರು. ಅದೇ ಆಗಸ್ಟಿನಲ್ಲಿ ಕೊಚ್ಚಿ ವಿಮಾನ ನಿಲ್ದಾಣವೂ ನೀರು ತುಂಬಿ ಎರಡು ವಾರ ಮುಚ್ಚಿತ್ತು ಎಂಬುದು ಗಮನಾರ್ಹ. ಪ್ರಕೃತಿ ಮುನಿದರೆ ವಿಮಾನಕ್ಕೂ ವಿನಾಯಿತಿಯಿಲ್ಲ. ನಮ್ಮ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಮಳೆಗಾಲದಲ್ಲಿ ಮೋಡ ಕವಿದಾಗ ವಿಮಾನಗಳು ಇಳಿಯಲಾಗದೆ ಬೇರೆ ಊರಿಗೆ ತಿರುಗುವುದು ಹೊಸ ಸಂಗತಿಯೇನಲ್ಲ.

2022ರ ಜೂನ್ ಕೊನೆಯಲ್ಲಿ ಸುಳ್ಯ ಮತ್ತು ಕೊಡಗಿನ ಗಡಿ ಗ್ರಾಮಗಳಲ್ಲಿ ಮತ್ತೆ ಮತ್ತೆ ಭೂಮಿ ನಡುಗಿತು. ಆಗಸ್ಟ್ ಆರಂಭದಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೆ ನೀರು ನುಗ್ಗಿತು. ಅಂಗಡಿ, ಮನೆಗಳಲ್ಲಿ ಕೆಸರು ತುಂಬಿತು. 2024ರ ಜುಲೈಯಲ್ಲಿ ಮದೆನಾಡು ಬಳಿಯ ಕರ್ತೋಜಿಯಲ್ಲಿ ಗುಡ್ಡ ಕುಸಿಯುವ ಭೀತಿಯಿಂದ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಲಾಯಿತು. ಅದೇ ತಿಂಗಳು ಶಿರಾಡಿಯಲ್ಲಿಯೂ ಮಣ್ಣು ಕುಸಿಯಿತು. ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳು ಎರಡು ವಾರದ ಹತ್ತಿರ ಓಡಲಿಲ್ಲ.

ಘಾಟಿಗಳು ಮುಚ್ಚಿದಾಗ ಉಳಿಯುವುದು ವಿಮಾನ. ಆದರೆ ಬೇಡಿಕೆ ಏರಿದಂತೆ ಟಿಕೇಟಿನ ದರವೂ ಏರುವುದು ವಿಮಾನ ಸಂಸ್ಥೆಗಳ ಕ್ರಮ. ಅಂಥ ದಿನಗಳಲ್ಲಿ ದುಡ್ಡಿದ್ದವರು ಹಾರುತ್ತಾರೆ. ಉಳಿದವರು ಚಾರ್ಮಾಡಿ ಸುತ್ತಿ ಹೋಗುತ್ತಾರೆ, ಇಲ್ಲವೇ ಮನೆಯಲ್ಲಿರುತ್ತಾರೆ.

ರಸ್ತೆಯನ್ನು ನಂಬಿದವರು ಯಾರು?

ಈ ರಸ್ತೆಯಲ್ಲಿ ಓಡಾಡುವವರನ್ನು ಒಮ್ಮೆ ನೆನಪಿಸಿಕೊಳ್ಳೋಣ. ಅಡಿಕೆ, ರಬ್ಬರ್ ಮಾರಲು ಸುಳ್ಯ, ಪುತ್ತೂರಿಗೆ ಹೋಗುವ ಕೃಷಿಕರು. ಕಾಲೇಜಿಗೆ ಹೋಗುವ ಮಕ್ಕಳು. ಶ್ರೀಲಂಕಾದಿಂದ ಮರಳಿ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ದುಡಿಯುತ್ತಾ ನೆಲೆಸಿದ, ತಮಿಳುನಾಡಿನ ಬಂಧುಗಳನ್ನು ಕಾಣಲು ಮೈಸೂರು ದಾರಿಯಾಗಿಯೇ ಹೋಗಬೇಕಾದ ತಮಿಳು ಕುಟುಂಬಗಳು. ಕೊಡಗಿನ ಕಾಫಿ ತೋಟಗಳ ಕೂಲಿಕಾರರು. ಮತ್ತು ರೋಗಿಗಳು.

ರೋಗಿಗಳ ವಿಷಯ ಎಲ್ಲಕ್ಕಿಂತ ಮುಖ್ಯ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಮಡಿಕೇರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ಹೃದಯ, ಮೆದುಳು, ಕ್ಯಾನ್ಸರ್ ಎಂದಾಗ ಜನ ಮಂಗಳೂರಿಗೆ ಹೊರಡುತ್ತಾರೆ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಆಸ್ಪತ್ರೆಗೆ ಘಟ್ಟದ ಮೇಲಿನಿಂದಲೂ ರೋಗಿಗಳು ಬರುತ್ತಾರೆ. ಅಂಥ ರೋಗಿಯನ್ನು ಹೊತ್ತ ಆಂಬ್ಯುಲೆನ್ಸಿಗೆ ಬಜ್ಪೆಯಿಂದ ಮಂಡಕಳ್ಳಿಗೆ ಎಷ್ಟು ನಿಮಿಷ ಎಂಬುದು ಬೇಕಾಗಿಲ್ಲ. ಜೋಡುಪಾಲದಿಂದ ಕಂಕನಾಡಿಗೆ ಎಷ್ಟು ಗಂಟೆ ಎಂಬುದು ಬೇಕು. ಆ ಲೆಕ್ಕದಲ್ಲಿ ಒಂದು ಗುಂಡಿ, ಒಂದು ಕುಸಿದ ತಿರುವು, ಒಂದು ಅಡ್ಡ ಬಿದ್ದ ಮರ ಕೂಡ ಜೀವದ ಪ್ರಶ್ನೆಯಾಗುತ್ತದೆ.

ಸುಮಾರು ಮೂವತ್ತೈದು ಕಿಲೋಮೀಟರಿನಲ್ಲಿ ಈ ರಸ್ತೆ ತಪ್ಪಲಿನಿಂದ ಮಡಿಕೇರಿಯ ಸುಮಾರು 1,150 ಮೀಟರ್ ಎತ್ತರಕ್ಕೆ ಏರುತ್ತದೆ. ಒಂದು ಬದಿ ಕಡಿದ ಗುಡ್ಡ, ಇನ್ನೊಂದು ಬದಿ ಕಣಿವೆ. ಇಂಥ ರಸ್ತೆಗೆ ಡಾಮರು ಹಾಕಿದರೆ ಸಾಲದು. ಗುಡ್ಡದ ನೀರು ಸರಾಗವಾಗಿ ಹರಿದುಹೋಗಲು ಚರಂಡಿ, ಮೋರಿ ಬೇಕು. ಮಣ್ಣು ಹಿಡಿದಿಡಲು ತಡೆಗೋಡೆ, ಗಿಡಮರ ಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ರಸ್ತೆಯೂ ಇದೇ 275ರ ಭಾಗ. ಒಂದೇ ಸಂಖ್ಯೆಯ ಹೆದ್ದಾರಿಯ ಒಂದು ತುದಿಯಲ್ಲಿ ಹತ್ತು ಸಾಲು, ಇನ್ನೊಂದು ತುದಿಯಲ್ಲಿ ಮಳೆ ಬಂದರೆ ಎದೆಬಡಿತ. ಹತ್ತು ಸಾಲು ಇಲ್ಲಿಗೆ ಬೇಡ, ಅಷ್ಟು ಅಗಲಕ್ಕೆ ಗುಡ್ಡ ಕಡಿದರೆ ಕುಸಿತ ಇನ್ನಷ್ಟು ಹೆಚ್ಚೀತು. ಇರುವ ರಸ್ತೆ ಮಳೆಗಾಲದಲ್ಲೂ ನಿಲ್ಲಬೇಕು, ಅಷ್ಟೇ.

ರೈಲಿನ ಮಾತೂ ಇಲ್ಲಿ ಬರಬೇಕು. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ಪೂರ್ಣಗೊಂಡಿತು. 1996ರಲ್ಲಿ ಬ್ರಾಡ್‌ಗೇಜ್ ಕಾಮಗಾರಿಗಾಗಿ ನಿಂತು, ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಆ ಹಳಿ ಸುಬ್ರಹ್ಮಣ್ಯ ರೋಡ್ ಮಾರ್ಗವಾಗಿ ಹೋಗುತ್ತದೆ, ಸುಳ್ಯಕ್ಕೆ ಬರುವುದಿಲ್ಲ. ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯ ಮಾರ್ಗವಾಗಿ ಕಾಣಿಯೂರಿಗೆ ಹಳಿ ಹಾಕುವ ಪ್ರಸ್ತಾಪ ವರ್ಷಗಳಿಂದ ಕಡತದಲ್ಲಿದೆ. ಎರಡು ವಿಮಾನ ನಿಲ್ದಾಣಗಳನ್ನು ಜೋಡಿಸುವ ಉತ್ಸಾಹದ ಸ್ವಲ್ಪ ಭಾಗ ಈ ಕಡತದ ಮೇಲೂ ಬಿದ್ದರೆ ಸುಳ್ಯ ತಾಲೂಕಿನ ಸಾವಿರಾರು ಜನರಿಗೆ ಉಪಯೋಗವಾದೀತು.

ನಾವು ಏನನ್ನು ಕೇಳಬೇಕು, ಏನನ್ನು ಮಾಡಬೇಕು?

ಜನಪ್ರತಿನಿಧಿಗಳು ಚರ್ಚ್ ಹಬ್ಬಕ್ಕೋ ಶಾಲಾ ಸಮಾರಂಭಕ್ಕೋ ಬಂದಾಗ ನಾವು ಅವರಿಗೆ ಶಾಲು ಹೊದಿಸಿ ಕಳುಹಿಸುತ್ತೇವೆ. ಜೊತೆಗೆ ಒಂದು ಮನವಿಯನ್ನೂ ಕೊಡೋಣ. ಸಂಪಾಜೆ ಘಾಟಿಯ ಇಳಿಜಾರುಗಳ ರಕ್ಷಣೆ ಮತ್ತು ಚರಂಡಿ ಕೆಲಸ ಪ್ರತಿವರ್ಷ ಮೇ ತಿಂಗಳೊಳಗೆ ಮುಗಿಯಬೇಕು. ಪಯಸ್ವಿನಿಯಲ್ಲಿ ನೀರು ಏರುವಾಗ ಪೇಟೆಯವರಿಗೆ ಮುನ್ಸೂಚನೆ ಸಿಗಬೇಕು. ಮಳೆಗಾಲದಲ್ಲಿ ಆಂಬ್ಯುಲೆನ್ಸ್ ಒಂದು ಸಂಪಾಜೆಯ ಆಸುಪಾಸಿನಲ್ಲೇ ನಿಂತಿರಬೇಕು. ಗಲ್ಫ್ ವಿಮಾನಗಳ ವೇಳೆಗೆ ಹೊಂದುವಂತೆ ಸುಳ್ಯ, ಪುತ್ತೂರಿನಿಂದ ಬಜ್ಪೆಗೆ ಬಸ್ಸು ಬೇಕು. ನಡುರಾತ್ರಿ ಬಾಡಿಗೆ ಕಾರಿಗೆ ಸಾವಿರಾರು ರೂಪಾಯಿ ಕೊಡಲು ನಮ್ಮ ಎಲ್ಲ ಕುಟುಂಬಗಳಿಗೂ ಆಗುವುದಿಲ್ಲ. ಈ ಬೇಡಿಕೆಗಳಲ್ಲಿ ಒಂದೂ ರನ್‌ವೇಯಷ್ಟು ದುಬಾರಿಯಲ್ಲ.

ನಮ್ಮ ಕೈಯಲ್ಲೇ ಇರುವ ಕೆಲಸವೂ ಇದೆ. ಘಟ್ಟದ ತಪ್ಪಲಿನ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಮಳೆಗಾಲಕ್ಕೆ ಮೊದಲು ಒಂದು ಸಭೆ ಕರೆದು, ಪ್ರತಿ ವಾರ್ಡಿನಲ್ಲಿ ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಗರ್ಭಿಣಿಯರು, ಒಂಟಿ ವೃದ್ಧರು ಯಾರು ಎಂಬ ಪಟ್ಟಿ ಮಾಡಿಡಬಹುದು. ಯಾರ ಮನೆಯಲ್ಲಿ ಜೀಪು ಇದೆ, ಯಾರಿಗೆ ರಾತ್ರಿ ಓಡಿಸಲು ಬರುತ್ತದೆ ಎಂಬುದು ಗುರಿಕಾರರಿಗೆ ಗೊತ್ತಿರುತ್ತದೆ. ಅದನ್ನೂ ಬರೆದಿಡಬಹುದು. ಐ.ಸಿ.ವೈ.ಎಂ. ಯುವಜನರು ರಸ್ತೆ ತೆರೆದಿದೆಯೇ ಮುಚ್ಚಿದೆಯೇ ಎಂಬ ಖಚಿತ ಮಾಹಿತಿಯನ್ನು ಗಡಿಯ ಆಚೆಯ ಧರ್ಮಕೇಂದ್ರಗಳೊಂದಿಗೆ ಹಂಚಿಕೊಳ್ಳಬಹುದು. ಸಂಪಾಜೆ ಸೇತುವೆಯ ಎರಡು ಬದಿಯ ಕ್ರೈಸ್ತರು ಎರಡು ಧರ್ಮಪ್ರಾಂತ್ಯಗಳಿಗೆ ಸೇರಿದವರಾದರೂ ಮಳೆ ಬಂದಾಗ ಒಂದೇ ಹೊಳೆಯ ದಡದವರು. ಈ ಪಟ್ಟಿಯಲ್ಲಿ ನಮ್ಮವರ ಹೆಸರು ಮಾತ್ರ ಇರಬಾರದು. 2018ರಲ್ಲಿ ಪರಿಹಾರ ಕೇಂದ್ರದ ಬಾಗಿಲಲ್ಲಿ ಯಾರೂ ಯಾರ ಮತವನ್ನೂ ಕೇಳಿರಲಿಲ್ಲ.

ಮಂಗಳೂರು ಮತ್ತು ಮೈಸೂರಿನ ನಡುವೆ ವಿಮಾನ ಮತ್ತೆ ಹಾರುವ ದಿನ ಬಂದರೆ ನಾವೂ ಸಂತೋಷಪಡುತ್ತೇವೆ. ಆ ದಿನ ವೇದಿಕೆಯ ಮೇಲೆ ಎರಡು ನಗರಗಳ ಅಂತರ ಒಂದು ಗಂಟೆಗೆ ಇಳಿಯಿತು ಎಂಬ ಭಾಷಣ ಕೇಳಿಬರುತ್ತದೆ. ಅದನ್ನು ಕೇಳುವಾಗ ಕಲ್ಲುಗುಂಡಿಯ ಬಸ್ಸು ನಿಲ್ದಾಣದಲ್ಲಿ ಕೊಡೆ ಹಿಡಿದು ಮಡಿಕೇರಿ ಬಸ್ಸಿಗಾಗಿ ಕಾಯುತ್ತಿರುವ ತಾಯಿಯೊಬ್ಬಳನ್ನು ನೆನಪಿಸಿಕೊಳ್ಳೋಣ. ಅವಳಿಗೆ ಮೈಸೂರು ಇನ್ನೂ ನಾಲ್ಕೂವರೆ ಗಂಟೆ ದೂರದಲ್ಲಿದೆ, ಅದೂ ರಸ್ತೆ ತೆರೆದಿದ್ದರೆ.